ಬಿಳಿ ಹಕ್ಕಿ

“ಇದೇ ಫೋಟೋ ಬಣ್ಣದಲ್ಲಿ ಇದೆಯಾ ಸಾರ್?”

ಫೋಟೋಗ್ರಾಫರನ ಮೈಯೆಲ್ಲ ಉರಿದುಹೋಯಿತು. ಕಡಲನ್ನು ಕಪ್ಪು-ಬಿಳುಪಿನಲ್ಲಿ ಮಾತ್ರ ತೆಗೆದು ಹೆಸರು ಮಾಡಿದ ಆಸಾಮಿ ಅವನು. ಪ್ರದರ್ಶನದ ಹಾಲ್‌ನ ನಾಲ್ಕೂ ಗೋಡೆಗಳ ಮೇಲೆ ಅವನ ಅಲೆಗಳು, ಬಂಡೆಗಳು, ಕಾರ್ಮೋಡಗಳು ತೂಗುತ್ತಿದ್ದವು. ಒಂದಕ್ಕೂ ಬಣ್ಣದ ಸೋಂಕಿರಲಿಲ್ಲ. ಕೇಳಿದವಳು ಎದುರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು. ಅಂಗಡಿಯ ಕೋಟನ್ನೂ ಬಿಚ್ಚದೆ ರಸ್ತೆ ದಾಟಿ ಬಂದಿದ್ದಳು. ಅವಳು ನಿಂತಿದ್ದದ್ದು ಪ್ರದರ್ಶನದ ಮುಖ್ಯ ಚಿತ್ರದ ಮುಂದೆ. ಬಿರುಗಾಳಿಯ ಕಡಲು, ಮನೆಯೆತ್ತರದ ಕರಿ ಅಲೆ, ಅದರ ಇಳಿಜಾರಿನಲ್ಲಿ ರೆಕ್ಕೆ ಎತ್ತಿದ ಒಂದು ಪುಟ್ಟ ಬಿಳಿ ಹಕ್ಕಿ. ಬಾಗಿಲ ಹೊರಗಿನ ದೊಡ್ಡ ಪೋಸ್ಟರಿನಲ್ಲಿದ್ದದ್ದೂ ಅದೇ.

“ಬಣ್ಣ ಬೇಕಾದ್ರೆ ಒಂದು ಕ್ಯಾಲೆಂಡರ್ ಕೊಂಡ್ಕೊಳ್ಳಿ ಅಮ್ಮಾ,” ಎಂದ. “ಬಣ್ಣ ಇದ್ರೆ ಜನ ಬಣ್ಣ ನೋಡ್ತಾರೆ, ಕಡಲನ್ನ ನೋಡಲ್ಲ. ಅದೆಲ್ಲ ಬರೀ ಕಣ್ಕಟ್ಟು.” ಉದ್ಘಾಟನೆಯ ದಿನ ಇದೇ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದ. ಆ ಹಕ್ಕಿಯ ಬಗ್ಗೆಯಂತೂ ಕಾಲು ಗಂಟೆ ಕೊರೆದಿದ್ದ. ಅದೊಂದು ಇಲ್ಲದಿದ್ದರೆ ಚಿತ್ರಕ್ಕೆ ಜೀವವೇ ಇಲ್ಲವಂತೆ.

“ನನಗೆ ಫೋಟೋ ಬೇಡ ಸಾರ್. ಆ ಹಕ್ಕಿ ಬಣ್ಣ ಏನು ಅಂತ ಹೇಳಿದ್ರೆ ಸಾಕು.”

“ಕಡಲಹಕ್ಕಿ ಬಿಳಿ ಇರದೆ ಇನ್ನೇನು ಹಸಿರು ಇರುತ್ತಾ?”

“ಬಿಳೀನೇ ಇರ್ಲಪ್ಪಾ ಅಂತ ನಾನೂ ಬೇಡ್ಕೋತಾ ಇದೀನಿ,” ಎಂದಳು. “ಕೆಳಗೆ ನಮ್ಮ ಬಂದರಿನ ಹೆಸರು, ತಾರೀಕು ಹಾಕಿದೀರಲ್ಲ, ಅವತ್ತು ನನ್ನ ತಮ್ಮ ದೋಣೀಲಿದ್ದ. ಮೂರು ಜನ ಹೋಗಿದ್ರು. ದೋಣಿ ಮಗುಚ್ತು. ಇಬ್ಬರ ಹೆಣ ಸಿಕ್ತು, ಇವನದು ಸಿಗ್ಲಿಲ್ಲ. ಯಾವುದೋ ಹಡಗಿನವರು ಎತ್ಕೊಂಡಿರ್ತಾರೆ, ಇವತ್ತಲ್ಲ ನಾಳೆ ಬರ್ತಾನೆ ಅಂತ ಅಮ್ಮ ಇನ್ನೂ ಬಾಗಿಲಿಗೆ ಚಿಲಕ ಹಾಕೋಕೆ ಬಿಡಲ್ಲ. ನಾನೂ ಹೂಂ ಹೂಂ ಅಂತ ಇದೀನಿ. ಆದ್ರೆ ಅಂಗಡೀಲಿ ನಿಂತ್ರೆ ಎದುರಿಗೆ ನಿಮ್ಮ ಪೋಸ್ಟರ್. ಒಂದ್ಸಲ ನೋಡಿದ್ರೆ ಹಕ್ಕಿ, ಇನ್ನೊಂದ್ಸಲ ನೋಡಿದ್ರೆ... ಅವನ ಮಳೆಕೋಟು ಹಳದಿ ಸಾರ್. ಉಳಿದೋರದ್ದೆಲ್ಲ ಕಪ್ಪು. ನಾನೇ ಹಠ ಹಿಡಿದು ಕೊಡಿಸಿದ್ದು, ದೂರದಿಂದ್ಲೂ ಕಾಣ್ಲಿ ಅಂತ. ಜೊತೆಯವರೆಲ್ಲ ‘ಬಾಳೆಹಣ್ಣು ಬಂತು’ ಅಂತ ಆಡ್ಕೋತಿದ್ರಂತೆ. ‘ಅಕ್ಕಾ, ಮಾನ ಹೋಗುತ್ತೆ ಕಣೇ’ ಅಂತ ದಿನಾ ಗೊಣಗ್ತಿದ್ದ. ದಡ ದಾಟಿದ ಮೇಲೆ ಬಿಚ್ಚಿ ಎಸೀತಿದ್ನೋ ಏನೋ, ಯಾರಿಗೆ ಗೊತ್ತು.”

ಹಳದಿ ಎಂಬ ಮಾತು ಬಿದ್ದದ್ದೇ ತಡ, ಫೋಟೋಗ್ರಾಫರ್ ಚಿತ್ರದ ಹತ್ತಿರ ಹೋಗಿ ಹಕ್ಕಿಯನ್ನೇ ದಿಟ್ಟಿಸಿದ. ಕಪ್ಪು-ಬಿಳುಪಿನಲ್ಲಿ ಹಳದಿ ಏನಾಗುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆಳ್ಳಗಾಗುತ್ತದೆ. ಅವತ್ತು ಬಂಡೆಯ ಮೇಲೆ ನಿಂತು ಕ್ಯಾಮೆರಾಕ್ಕೆ ಹಚ್ಚಿದ ಕಣ್ಣನ್ನು ಅವನು ತೆಗೆದಿರಲೇ ಇಲ್ಲ. ಆ ಕ್ಯಾಮೆರಾದೊಳಗೂ ಕಡಲು ಕಪ್ಪು-ಬಿಳುಪಾಗಿಯೇ ಕಾಣುವಂತೆ ಇಟ್ಟುಕೊಂಡಿದ್ದ. ತೆಗೆಯುವಾಗಲೂ ಬಣ್ಣದ ಕಾಟ ಬೇಡ ಎಂದು. ಕಪ್ಪು-ಬಿಳುಪಿನ ಪ್ರತಿಯ ಜೊತೆಗೆ ಮೂಲ ಚಿತ್ರವೂ ಬಣ್ಣದಲ್ಲೇ ಉಳಿಯುತ್ತದೆ. ಅದನ್ನು ಒಂದು ದಿನವೂ ತೆರೆದು ನೋಡಿದವನಲ್ಲ.

‘ಬಿಳಿಯೇ ಅಮ್ಮಾ, ಕಣ್ಣಾರೆ ಕಂಡಿದೀನಿ’ ಎಂದುಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಕಣ್ಣಾರೆ ಕಂಡಿದ್ದನೆ? ಈಗ ಅವಳಿಗಿಂತ ಹೆಚ್ಚಾಗಿ ಅವನಿಗೇ ಅದು ಹಕ್ಕಿಯಾಗಿರಬೇಕಿತ್ತು. ಮೂಲೆಯ ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ತೆರೆದು ಹುಡುಕತೊಡಗಿದ. ಹೆಂಗಸು ಅವನ ಕುರ್ಚಿಯ ಬೆನ್ನು ಹಿಡಿದುಕೊಂಡು ಬಗ್ಗಿ ನಿಂತಳು.

ಕಡಲು ಬಣ್ಣದಲ್ಲಿ ತೆರೆದುಕೊಂಡಿತು. ಅವತ್ತಿನ ಆ ಅಲೆ ಕೆಸರು ಬೆರೆತ ಹಸಿರು. ತೆಗೆದವನಿಗೇ ಅದು ಗೊತ್ತಿರಲಿಲ್ಲ. ಅಷ್ಟು ಹಸಿರಿನ ನಡುವೆ ಹಕ್ಕಿ ಎಲ್ಲಿ ಎಂದು ಹುಡುಕಬೇಕಾಗಿಯೇ ಇರಲಿಲ್ಲ. ಕಣ್ಣಿಗೆ ರಾಚುವಂಥ ಹಳದಿ. ಹಿಗ್ಗಿಸಿದ. ರೆಕ್ಕೆಗಳು ತೋಳುಗಳಾದವು. ಎರಡೂ ದಡದ ಕಡೆ, ಅವನು ನಿಂತಿದ್ದ ಬಂಡೆಯ ಕಡೆಗೇ ಎತ್ತಿದ್ದವು.

“ಹಕ್ಕಿ ಅಂದ್ಕೊಂಡೆ ಅಮ್ಮಾ,” ಫೋಟೋಗ್ರಾಫರ್ ತೊದಲಿದ. “ನನ್ನಾಣೆಗೂ ಹಕ್ಕಿ ಅಂತಾನೇ... ಫೋನು ಜೇಬಲ್ಲೇ ಇತ್ತು. ರಕ್ಷಣಾ ದೋಣಿ ಅಲ್ಲೇ ಬಂದರಲ್ಲಿ ಕಟ್ಟಿತ್ತು. ಒಂದೇ ಒಂದ್ಸಲ ತಲೆ ಎತ್ತಿ ನೋಡಿದ್ದಿದ್ರೆ...”

ಅವಳು ಬಾಯಿಗೆ ಬಂದಂತೆ ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲಿಲ್ಲ. ನೆಲದ ಮೇಲೆ ಕುಸಿದು ಕೂತು, “ಅಮ್ಮನಿಗೆ ಯಾವ ಬಾಯಲ್ಲಿ ಹೇಳ್ಲಿ” ಎಂದು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮೆಲ್ಲಗೆ ಎದ್ದು, ಮಗುವಿನ ಕೆನ್ನೆ ಒರೆಸಿದ ಹಾಗೆ ಕೋಟಿನ ತೋಳಿನಿಂದ ಪರದೆಯ ಧೂಳನ್ನು ಒರೆಸಿದಳು.

“ಬಿಚ್ಚಿರಲಿಲ್ಲ ನೋಡಿ,” ಎಂದಳು. “ನನ್ನ ಮಾತು ಮೀರ್ಲಿಲ್ಲ. ಎಷ್ಟು ದೂರದಿಂದ್ಲೂ ಎಷ್ಟು ಚೆನ್ನಾಗಿ ಕಾಣ್ತಿದಾನೆ!”