ಗ್ಯಾಸ್‌ಮನೆಯ ಗೂಡು

ಕೆಲಸ ನಡೆಯುತ್ತಿದ್ದ ಹಳೇ ಕಟ್ಟಡದ ಗೇಟಿನ ಬಳಿ ಅತ್ತೆ ನಿಂತರು. ಕೈಚೀಲದಿಂದ ಬೆಂಕಿಪೊಟ್ಟಣ ತೆಗೆದು ಗೋಡೆಯ ಪುಟ್ಟ ಗೂಡಿನಲ್ಲಿಟ್ಟು, ಆಮೇಲೆ ಊಟದ ಡಬ್ಬಿ ಹಿಡಿದು ಒಳಗೆ ಬಂದರು. ನೆಲಮಾಳಿಗೆಯ ಮೆಟ್ಟಿಲ ಮೇಲೆ ಬೆವರೊರೆಸುತ್ತಿದ್ದ ವೆಲ್ಡರ್ ಅಳಿಯನಿಗೆ ನಗು ತಡೆಯಲಾಗಲಿಲ್ಲ.

"ಏನತ್ತೆ, ಗೋಡೆಗೆ ಕಾಣಿಕೆನಾ?"

"ನಗಬೇಡಪ್ಪ. ಗ್ಯಾಸ್‌ಮನೆ ಒಳಗೆ ಬೆಂಕಿ ತರಬಾರದು. ನಮ್ಮಪ್ಪನೂ ದಿನಾ ಅಲ್ಲೇ ಇಟ್ಟು ಕೆಲಸಕ್ಕೆ ಹೋಗ್ತಿದ್ರು."

"ಗ್ಯಾಸ್‌ಮನೆ ಅಂದ್ರೆ ಬಸ್‌ಸ್ಟಾಪಿನ ಹೆಸರಲ್ವಾ?"

"ಸ್ಟಾಪಿಗೆ ಆ ಹೆಸರು ಎಲ್ಲಿಂದ ಬಂತು ಮತ್ತೆ? ಕರೆಂಟು ಬರೋಕೆ ಮುಂಚೆ ಇಲ್ಲಿ ಕಲ್ಲಿದ್ದಲು ಬೇಯಿಸಿ ಗ್ಯಾಸ್ ತೆಗೀತಿದ್ರು. ಊರಿನ ಬೀದಿದೀಪಕ್ಕೆಲ್ಲ ಇಲ್ಲಿಂದಲೇ ಪೈಪು. ನಮ್ಮಪ್ಪ ಅದರ ಟ್ಯಾಂಕು ಕಾಯ್ತಿದ್ರು."

"ಅಜ್ಜನ ಕಾಲದ ಗ್ಯಾಸು ಇನ್ನೂ ನಮ್ಮನ್ನ ಕಾಯ್ಕೊಂಡು ಕೂತಿರುತ್ತಾ?" ಎಂದು ಅಳಿಯ ಡಬ್ಬಿಗೆ ಕೈ ಚಾಚಿದ.

ಅತ್ತೆ ಡಬ್ಬಿ ಕೊಡಲಿಲ್ಲ. ಮೂಗರಳಿಸಿ ಮೆಟ್ಟಿಲಿನತ್ತ ಬಾಗಿದರು. "ಇದೇನು, ನುಸಿಗುಳಿಗೆ ವಾಸನೆ?"

"ಬೆಳಿಗ್ಗೆ ಕೆಳಗೆ ನೆಲ ಒಡೆದಾಗಿನಿಂದ ಬರ್ತಿದೆ. ಅಲ್ಲೊಂದು ದಪ್ಪ ಕಬ್ಬಿಣದ ಪೈಪು ಸಿಕ್ಕಿದೆ. ಅದನ್ನೇ ಕತ್ತರಿಸೋಕೆ ಈಗ..." ಅವನು ತಿರುಗಿ ಕೆಳಗೆ ನೋಡಿದ.

"ನಮ್ಮಪ್ಪನ ಅಂಗಿ ಎಷ್ಟು ಒಗೆದ್ರೂ ಇದೇ ವಾಸನೆ ಹೊಡೀತಿತ್ತು," ಎಂದರು ಅತ್ತೆ. "ಕೆಳಗೆ ಯಾರಿದ್ದಾರೆ?"

"ನಿಮ್ಮ ಮಗ."

ಕೆಳಗಿನಿಂದ 'ಟಕ್' ಎಂಬ ಸದ್ದು ಬಂತು. ಗ್ಯಾಸ್ ಕಟರಿಗೆ ಬೆಂಕಿ ಹಚ್ಚುವ ಲೈಟರಿನ ಸದ್ದು. ಅಳಿಯ ದಡಕ್ಕನೆ ಎದ್ದ. ಮತ್ತೆ 'ಟಕ್'.

"ಹಚ್ಚಬೇಡ್ವೋ!" ಎಂದು ತಾಯಿ ಕಿರುಚಿದರು.

ಸದ್ದು ನಿಂತಿತು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಮಗ ಮಸಿ ಮೆತ್ತಿದ ಮುಖದಲ್ಲಿ ಹಲ್ಲು ಕಿರಿಯುತ್ತಾ ಮೇಲೆ ಬಂದ.

"ಏನಮ್ಮ, ಊರೇ ಹಾರಿಹೋಗೋ ಹಾಗೆ ಕಿರುಚ್ತೀಯ? ಭಾವ, ಈ ಹಾಳು ಲೈಟರಿನ ಕಲ್ಲು ಸವೆದುಹೋಗಿದೆ, ಒಂದು ಕಿಡೀನೂ ಬರ್ತಿಲ್ಲ." ಅವನು ತಾಯಿಯತ್ತ ಕೈ ಚಾಚಿದ. "ಸದ್ಯ, ನೀನು ಬಂದಿದ್ದು ಒಳ್ಳೇದಾಯ್ತು. ನಿನ್ನ ಚೀಲದಲ್ಲಿ ಯಾವಾಗಲೂ ಬೆಂಕಿಪೊಟ್ಟಣ ಇರುತ್ತಲ್ಲ, ಕೊಡು."

ತಾಯಿ ಚಾಚಿದ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಅವನನ್ನು ಬರಸೆಳೆದು ಅಪ್ಪಿಕೊಂಡರು. ಮಗನ ಅಂಗಿಯಿಂದ ತಮ್ಮಪ್ಪನ ವಾಸನೆ ಬರುತ್ತಿತ್ತು.