ಮೂರು ಏಟಿನ ಪಾತ್ರ

ಯರ್ರೆಪ್ಪನ ಹೋಟೆಲಿನ ಟಿ.ವಿ.ಯಲ್ಲಿ ಇವತ್ತು ಜಂಬಯ್ಯ ಬರುತ್ತಾನೆಂದು ಊರಿಗೆಲ್ಲ ಗೊತ್ತಿತ್ತು. ಬಂದವನು ಮೂರೇ ಏಟಿಗೆ ಸಾಯುತ್ತಾನೆಂಬುದು ಅವನ ಮಗಳು ದುರ್ಗಾದೇವಿಗೆ ಮಾತ್ರ ಗೊತ್ತಿತ್ತು.

ಹೋದ ವರ್ಷ ಮೊಬೈಲ್ ಗೇಮ್ ಮಾಡುವವರು ಕೂಡ್ಲಿಗಿ ಕಡೆಯ ಹಳೆಯ ಗುಡಿಗಳ ಫೋಟೊ ತೆಗೆಯುತ್ತ ಇವರ ಊರಿಗೂ ಬಂದಿದ್ದರು. ಗುಡ್ಡದ ಗುಡಿಯ ಹತ್ತಿರ ಆಡು ಮೇಯಿಸುತ್ತಿದ್ದ ಜಂಬಯ್ಯನ ಎತ್ತರ, ಮೀಸೆ ಅವರ ಕಣ್ಣಿಗೆ ಬಿದ್ದವು. ಬಂಡೆಯ ಮೇಲೆ ನಿಲ್ಲಿಸಿ ಸುತ್ತಲೂ ಫೋಟೊ ತೆಗೆದರು. ಮೈಕು ಹಿಡಿದು ಒಂದು ಕೂಗು ಕೂಗಿಸಿಕೊಂಡರು. ಈಗಿನ ಕಾಲದ ಹುಡುಗನೊಬ್ಬ ಸಾವಿರ ವರ್ಷ ಹಿಂದಕ್ಕೆ ಹೋಗಿ, ರಾಜರ ಕಾಲದಲ್ಲಿ ಸಾಹಸ ಮಾಡಿ ಬರುವ ಆಟವಂತೆ ಅದು. "ಹಳೇ ಕಾಲದಾಗ ನಾನೂ ಅದೀನಿ" ಎಂದು ಜಂಬಯ್ಯ ಅವತ್ತಿನಿಂದ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದ.

ಕೊಟ್ಟೂರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ ದುರ್ಗಾದೇವಿ ಆಟ ಬಿಡುಗಡೆಯಾದ ದಿನವೇ ಮೊಬೈಲಿಗೆ ಇಳಿಸಿಕೊಂಡಳು. ಗಿರಾಕಿಗಳಿಲ್ಲದ ಮಧ್ಯಾಹ್ನ ಆಡುತ್ತ ಹೋದಳು. ಬೀದಿ ತುಂಬ ಆನೆ, ಅಂಬಾರಿ, ಮೈತುಂಬ ಬಂಗಾರ ಹೇರಿಕೊಂಡ ರಾಣಿಯರು. ಹೊಲ ಉಳುವವರು, ಕಲ್ಲು ಹೊರುವವರು, ಆಡು ಕಾಯುವವರು ಎಲ್ಲೂ ಕಾಣಲಿಲ್ಲ. ಕೊನೆಗೆ ಗುಡಿಯ ಬಾಗಿಲಲ್ಲಿ ಅಪ್ಪ ಸಿಕ್ಕ. ಅವೇ ಕಣ್ಣು, ಅದೇ ಮೀಸೆ. "ನಿಲ್ಲಲೇ ಅಲ್ಲೇ!" ಎಂಬ ಕೂಗೂ ಅಪ್ಪನದೇ. ಖುಷಿಯಲ್ಲಿ ಅಪ್ಪನ ಮುಖ ಮುಟ್ಟಲು ಹೋಗಿ ಅವಳ ಬೆರಳು ಗುಂಡಿಯ ಮೇಲೆ ಬಿತ್ತು. ಆಟದ ಹುಡುಗ ಕತ್ತಿ ಬೀಸಿದ. ಗಾಬರಿಯಲ್ಲಿ ಮತ್ತೆರಡು ಸಲ ಒತ್ತಿದಳು. ಅಪ್ಪ ಮಕಾಡೆ ಬಿದ್ದ.

ಅವತ್ತಿನಿಂದ ಅಪ್ಪ ಕೇಳಿದಾಗಲೆಲ್ಲ "ನನ್ನ ಮೊಬೈಲ್ನಾಗ ಜಾಗ ಇಲ್ಲಪ್ಪಾ" ಎಂದು ಸುಳ್ಳು ಹೇಳಿ ಜಾರಿಕೊಳ್ಳುತ್ತಿದ್ದಳು. ನಾಲ್ಕು ದಿನ ಕಾದ ಜಂಬಯ್ಯ, ಟ್ರ್ಯಾಕ್ಟರ್ ಓಡಿಸುವ ಮಾರೇಶನನ್ನು ಹಿಡಿದ. ಮೊಬೈಲಿನ ಆಟವನ್ನು ಹೋಟೆಲಿನ ಟಿ.ವಿ.ಗೆ ಜೋಡಿಸಿ ಎಲ್ಲರಿಗೂ ತೋರಿಸುತ್ತೇನೆಂದ ಮಾರೇಶ.

ಸುದ್ದಿ ತಿಳಿದು ದುರ್ಗಾದೇವಿ ಓಡಿ ಬರುವಷ್ಟರಲ್ಲಿ ಹೋಟೆಲು ತುಂಬಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಜಂಬಯ್ಯ ಮುಂದಿನ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದ.

"ಮಾರೇಶಣ್ಣ, ಬ್ಯಾಡ, ಬಂದ್ ಮಾಡು."

"ಯಾಕವ್ವಾ? ತಡಿ, ಈಗ ಬರ್ತೀನಿ ನಾನು" ಎಂದ ಜಂಬಯ್ಯ, ಟಿ.ವಿ.ಯಿಂದ ಕಣ್ಣು ಕೀಳದೆ.

ಬಂದೇಬಿಟ್ಟ. "ಮಾವ, ಥೇಟ್ ನೀನೇ!" ಎಂದು ಮಾರೇಶ ಕೂಗಿದ, ಹಿಂದಿನಿಂದ ಸಿಳ್ಳೆ ಬಿದ್ದವು. ಒಂದು ಏಟು, ಎರಡು, ಮೂರು. ಟಿ.ವಿ.ಯ ಜಂಬಯ್ಯ ಉರುಳಿದ.

"ಏನ್ ಜಂಬಣ್ಣ, ಇಷ್ಟಕ್ಕ ಒಂದ್ ವರ್ಷ ನಮ್ ತೆಲಿ ತಿಂದೇನು?" ಎಂದು ಯರ್ರೆಪ್ಪ ನಕ್ಕ. ಜಂಬಯ್ಯನ ಮುಖ ನೋಡಿದ ಮೇಲೆ ನಗು ನಿಲ್ಲಿಸಿದ.

"ಇನ್ನೊಮ್ಮಿ ಹಾಕಲೇ" ಎಂದ ಜಂಬಯ್ಯ. ಈ ಸಲ ಎದ್ದು ಟಿ.ವಿ.ಯ ಹತ್ತಿರ ಹೋಗಿ ನಿಂತ. ಟಿ.ವಿ.ಯ ಜಂಬಯ್ಯ ಮತ್ತೆ ಮೂರೇ ಏಟಿಗೆ ಉರುಳಿದ. "ನನ್ನ ತೆಲಿ ಮ್ಯಾಲೆ ಕೆಂಪಗ ಏನೋ ಬರ್ದೈತಲ್ಲ, ಏನದು?"

ಅವನಿಗೆ ಓದಲು ಬರುತ್ತಿರಲಿಲ್ಲ. ಓದಲು ಬರುತ್ತಿದ್ದ ಮಾರೇಶ ತಲೆ ತಗ್ಗಿಸಿದ. ಯರ್ರೆಪ್ಪ ತೊಳೆದಿಟ್ಟಿದ್ದ ಲೋಟಗಳನ್ನೇ ಮತ್ತೆ ತೊಳೆಯತೊಡಗಿದ. ಜಂಬಯ್ಯ ಮಗಳ ಕಡೆ ತಿರುಗಿದ. "ನೀನು ಓದವ್ವಾ."

ವೀರ ಅನ್ನಲೇ, ಕಾವಲುಗಾರ ಅನ್ನಲೇ ಎಂದು ದುರ್ಗಾದೇವಿ ತಡವರಿಸಿದಳು. ಏನೆಂದರೂ ಅಪ್ಪ ನಂಬುತ್ತಿದ್ದ. ಆದರೆ ಅಷ್ಟು ನಂಬಿ ನೋಡುತ್ತಿದ್ದ ಆ ಕಣ್ಣುಗಳಿಗೆ ಇನ್ನೊಂದು ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

"ಕಾಡುಗಳ್ಳ ಅಂತ ಐತಪ್ಪಾ."

ಜಂಬಯ್ಯ ಟಿ.ವಿ.ಯಿಂದ ಒಂದು ಹೆಜ್ಜೆ ಹಿಂದೆ ಸರಿದ. "ಅವತ್ತು ಅವ್ರು ನನಗ ಹಿಂಗ ಹೇಳಿಲ್ಲ" ಎಂದ, ಮೆಲ್ಲಗೆ. "ಯಾರೋ ಗುಡಿಯೊಳಗ ನುಗ್ಗಾಕ ಹತ್ಯಾರ, ನೀನು ಅಡ್ಡ ನಿಂತೀ ಅಂದ್ಕಂಡು ಕೂಗು ಅಂದ್ರು. ಅದಕ್ಕ ನಾನು ಎದಿ ಬಿರಿಯಂಗ ಕೂಗಿದ್ನಿ."

ದುರ್ಗಾದೇವಿ ಬಂದು ಅಪ್ಪನ ಪಕ್ಕದಲ್ಲಿ ನಿಂತಳು.

"ಲೇ ಮಾರೇಶ, ನನ್ನ ಕೆಡವಿ ಒಳಗ ಹೋಗೋದು ಯಾತಕ್ಕ?"

"ದೇವ್ರ ಹಣಿ ಮ್ಯಾಲೆ ಹಸಿರು ಹರಳು ಐತಿ ಮಾವ. ಅದನ್ನ ಕಿತ್ಕಂಡ್ರನ ನಮ್ ಕಾಲಕ್ಕ ವಾಪಸ್ ಬರಾಕ ಆಗೋದು."

"ಯಾರ್ನರ ಕೇಳಿ ಕಿತ್ಕಂತೀಯೇನು?"

"ಕೇಳಾಕ ಅಲ್ಲಿ ಯಾರದಾರ ಮಾವ?"

"ನಾನಿದ್ನಲ್ಲೋ!" ಜಂಬಯ್ಯನ ದನಿ ಏರಿತು. "ಬಾಗಿಲಾಗ ಅಡ್ಡ ನಿಂತಾವ ನಾನು. ದೇವ್ರ ಹರಳು ಕಿತ್ತಾವ ನೀನು. ಮತ್ತ ಕಳ್ಳ ಅಂತ ನನ್ನ ತೆಲಿ ಮ್ಯಾಲೆ ಯಾಕ ಬರ್ದಾರ?"

ಮಾರೇಶ ಮೊಬೈಲನ್ನು ಮೇಜಿನ ಮೇಲಿಟ್ಟು ಕೈ ಹಿಂದಕ್ಕೆಳೆದುಕೊಂಡ. ಬಾಗಿಲಲ್ಲಿದ್ದವನು ಬಿದ್ದ ಮೇಲಿನದಕ್ಕೆ ಯಾರೂ ಗುಂಡಿ ಒತ್ತಬೇಕಿರಲಿಲ್ಲ, ಆಟ ತನ್ನಷ್ಟಕ್ಕೆ ತಾನೇ ಮುಂದುವರಿಯಿತು. ಟಿ.ವಿ.ಯಲ್ಲಿ ನಮ್ಮ ಕಾಲದ ಹುಡುಗ ಹರಳನ್ನು ಚೀಲಕ್ಕೆ ಹಾಕಿಕೊಂಡು, ಹೊಸ್ತಿಲಲ್ಲಿ ಬಿದ್ದಿದ್ದ ಜಂಬಯ್ಯನನ್ನು ದಾಟಿ ಓಡುತ್ತಿದ್ದ.