ಹಿಂದಿನ ಟೈರು

“ಈ ಸೈಜಿನ ಟೈರು ಬರೋದೇ ನಿಂತುಹೋಯ್ತು ಸಾರ್,” ಎಂದ ಮೂರನೆಯ ಅಂಗಡಿಯವನು. ಹೇಳುವಾಗ ಅದೇ ಸೈಜಿನ ಟೈರು ಅವನ ತಲೆಯ ಹಿಂದೆ ಪ್ರಭಾವಳಿಯಂತೆ ನೇತಾಡುತ್ತಿತ್ತು.

ನಿವೃತ್ತ ಗುಮಾಸ್ತರು ವಾದಕ್ಕಿಳಿಯಲಿಲ್ಲ. ಹಳೆಯ ಮೋಟಾರ್ ಸೈಕಲನ್ನು ತಳ್ಳಿಕೊಂಡು ಮೂಲೆ ತಿರುಗಿದರು. ಅಂಗಡಿಯ ಬೋರ್ಡಿನ ಮೇಲೆ ಓದಿಕೊಂಡಿದ್ದ ನಂಬರಿಗೆ ಫೋನ್ ಹಚ್ಚಿದರು. ಗಂಟಲು ಸರಿಪಡಿಸಿಕೊಂಡು ಮಗನ ದನಿ ತೆಗೆದರು. ಕಚೇರಿಯಲ್ಲಿದ್ದಾಗ ಮೇಲಧಿಕಾರಿಯ ದನಿಯಲ್ಲಿ ಇಡೀ ವಿಭಾಗಕ್ಕೆ ಅರ್ಧ ದಿನ ರಜೆ ದಯಪಾಲಿಸಿದ್ದ ಗಂಟಲು ಅದು.

“ಹಲೋ, ನಾನೇ. ನಮ್ಮಪ್ಪ ಬಂದಿದ್ರಾ?”

“ಬಂದಿದ್ರು ಸಾರ್. ನೀವು ಹೇಳಿದ ಹಾಗೇ ಇಲ್ಲ ಅಂದು ಸಾಗಹಾಕ್ದೆ.”

“ಭಾರಿ ಉಪಕಾರ ಆಯ್ತು,” ಎಂದರು ಮಗನ ದನಿಯಲ್ಲೇ.

ಅನುಮಾನ ನಿಜವಾಯಿತು. “ಹೊಸ ಟೈರು ಸಿಕ್ರೆ ಗಾಡಿ ಇರ್ಲಿ, ಸಿಗದಿದ್ರೆ ನಾಳೆ ಗುಜರಿಗೆ,” ಎಂದು ಮಗ ದೊಡ್ಡ ಮನಸ್ಸಿನಿಂದ ಕರಾರು ಹಾಕಿದ್ದ. ಹಾಕಿ, ಊರಿನ ಟೈರಂಗಡಿಗಳಿಗೆಲ್ಲ ಫೋನ್ ತಿರುಗಿಸಿದ್ದ. ಹೋದ ಮಳೆಯಲ್ಲಿ ತಿರುವೊಂದರಲ್ಲಿ ಗಾಡಿ ಜಾರಿದ್ದೇ ಅವನಿಗೆ ನೆಪ. ಯಾರಿಗೂ ತರಚಿದ್ದಕ್ಕಿಂತ ಹೆಚ್ಚೇನೂ ಆಗಿರಲಿಲ್ಲ. ಆದರೆ ಅಂದಿನಿಂದ ಹೆಂಡತಿಯೂ ಮಗನ ಪಕ್ಷ. “ವಯಸ್ಸಾಯ್ತು, ಸಾಕು ರೀ,” ಎಂದವಳು ಆಮೇಲೆ ಗಾಡಿಯತ್ತ ಕಣ್ಣೆತ್ತಿಯೂ ನೋಡಿರಲಿಲ್ಲ. ಗುಮಾಸ್ತರಿಗೆ ಮಗನ ಕುತಂತ್ರವನ್ನಾದರೂ ನುಂಗಬಹುದಿತ್ತು, ಇದನ್ನು ನುಂಗಲಾಗುತ್ತಿರಲಿಲ್ಲ.

ಹಳೇ ಗೋದಾಮಿನ ಹಿಂದೆ ಬೋರ್ಡಿಲ್ಲದ ಅಂಗಡಿಯೊಂದು ಕಂಡಿತು. ಬೋರ್ಡಿಲ್ಲ, ಹಾಗಾಗಿ ನಂಬರಿಲ್ಲ. ನಂಬರಿಲ್ಲ, ಹಾಗಾಗಿ ಮಗನಿಲ್ಲ. ಗುಮಾಸ್ತರು ಗಾಡಿಯನ್ನು ಒಳಕ್ಕೇ ನುಗ್ಗಿಸಿದರು.

ಟೈರಿನವನು ಹಿಂದಿನ ಚಕ್ರಕ್ಕೆ ಉಗುರು ಒತ್ತಿ ನೋಡಿದ. ಗೀರೂ ಬೀಳಲಿಲ್ಲ. “ಇದು ರಬ್ಬರ್ ಅಲ್ಲ ಯಜಮಾನ್ರೇ, ಮರ. ಮೇಲೆ ಗೆರೆ ಇದೆ ಅಷ್ಟೇ, ಒಳಗೆ ಜೀವ ಇಲ್ಲ. ಇದರಲ್ಲಿ ಯಾರು ಓಡಿಸಿದ್ರೂ ಜಾರತ್ತೆ.”

“ಯಾರು ಓಡಿಸಿದ್ರೂ?”

“ಸರ್ಕಸ್ಸಿನೋರು ಓಡಿಸಿದ್ರೂ.”

ಗುಮಾಸ್ತರ ಮುಖ ಅರಳಿತು. “ಈ ಮಾತನ್ನ ಆಮೇಲೆ ಇನ್ನೊಂದ್ಸಲ ಹೇಳಬೇಕಾಗತ್ತೆ. ಈಗ ಟೈರು ತೋರಿಸಿ.”

ಟೈರಿನವನು ಎರಡನ್ನು ಉರುಳಿಸಿಕೊಂಡು ಬಂದ. “ಇದು ಗಟ್ಟಿ, ಸವೆಯೋದೇ ಇಲ್ಲ. ಅದು ಮೆತ್ತಗೆ, ಬೇಗ ಸವೆಯತ್ತೆ. ಆದ್ರೆ ರಸ್ತೇನ ಕಚ್ಚಿ ಹಿಡಿಯತ್ತೆ.”

“ಮೆತ್ತಂದೇ ಹಾಕಿ. ಸವೆದ್ರೆ ಸವೀಲಿ, ನಾವೇನು ಸವೀದೇ ಕೂತಿದೀವಾ?”

“ಮುಂದಿಂದು ಹೇಗಿದೆ? ಹ್ಯಾಂಡಲ್ ಅದುರತ್ತಾ?”

“ಹ್ಯಾಂಡಲ್ ವಿಷಯ ನನ್ನ ಕೇಳಬೇಡಿ. ಹಿಂದಿನ ಚಕ್ರದ ಸುಖದುಃಖ ಕೇಳಿ, ಪುರಾಣ ಹೇಳ್ತೀನಿ. ಎರಡಕ್ಕೂ ಒಂದೇ ಜಾತೀದು ಹಾಕಿಬಿಡಿ.”

ಟೈರಿನವನು ಚಕ್ರ ಬಿಚ್ಚುತ್ತ ಗುಮಾಸ್ತರ ಹೆಲ್ಮೆಟ್ಟಿನ ಕಡೆ ನೋಡಿದ. ಹಣೆಯ ಭಾಗದಲ್ಲಿ ಬಣ್ಣವೇ ಹೋಗಿತ್ತು. “ಮುಖ ಅಡಿಯಾಗಿ ಬಿದ್ದಿದ್ರಾ?”

“ಇಲ್ಲಪ್ಪ. ಬ್ರೇಕ್ ಬಿದ್ದಾಗಲೆಲ್ಲ ಢಿಕ್ಕಿ.”

ಯಾವುದಕ್ಕೆ ಎಂದು ಟೈರಿನವನು ಕೇಳುವಷ್ಟರಲ್ಲಿ ಅಂಗಡಿಯ ಮುಂದೆ ಕಾರು ನಿಂತಿತು. ಮೂರನೆಯ ಅಂಗಡಿಯವನು ಅಸಲಿ ಮಗನಿಗೇ ವರದಿ ಒಪ್ಪಿಸಿರಬೇಕು, ಮಗ ಸುತ್ತಲಿನ ಗಲ್ಲಿಗಳನ್ನೆಲ್ಲ ಜಾಲಾಡಿ ಬಂದಿದ್ದ.

“ಅಪ್ಪಾ, ಇದೇನು ಹಠ? ರಿಟೈರಾದ ವಯಸ್ಸಲ್ಲಿ...”

“ಅದಕ್ಕೇ ರೀ-ಟೈರು ಮಾಡಿಸ್ತಿದೀನಿ.”

ಟೈರಿನವನು ನಕ್ಕ. ಮಗ ನಗಲಿಲ್ಲ. “ಆವತ್ತು ಜಾರಿದ್ದು ಸಾಲದಾ?”

“ಜಾರಿದ್ದು ಟೈರು ಕಣೋ, ಕೈಯಲ್ಲ. ಹೇಳ್ರೀ ಇವನಿಗೆ, ಆಗಿನ ಮಾತು.”

“ಸರ್ಕಸ್ಸಿನೋರು ಓಡಿಸಿದ್ರೂ ಜಾರತ್ತೆ,” ಎಂದ ಟೈರಿನವನು ವಿಧೇಯನಾಗಿ.

“ಜನ ನೋಡಿ ನಗ್ತಾರಪ್ಪ. ನನ್ನ ಮಾವನ ಮನೆಯೋರೂ ಇದೇ ಬೀದೀಲಿ ಓಡಾಡ್ತಾರೆ.”

“ನಮ್ಮ ಮದುವೆ ಆದಾಗಿಂದ ನಗ್ತಿದಾರೆ. ನಕ್ಕು ನಕ್ಕು ಅವರ ಹಲ್ಲು ಉದುರಿದ್ವು. ನಾವು ಬಿದ್ವಾ?”

“ಅಮ್ಮನ ಮುಖ ನೋಡಾದ್ರೂ ಬಿಡಿ.”

“ಅವಳ ಮುಖ ನೋಡೇ ಬಂದಿರೋದು,” ಎಂದರು ಗುಮಾಸ್ತರು. ಈ ಸಲ ಯಾರ ದನಿಯನ್ನೂ ಎರವಲು ಪಡೆದಿರಲಿಲ್ಲ. “ಟೈರು ಸಿಕ್ಕಿದೆ. ಕರಾರು ನಿನ್ನದೇ. ಗುಜರಿಯೋನಿಗೆ ಬರಬೇಡ ಅನ್ನು. ಫೋನ್ ಮಾಡೋದು ನಿನಗೆ ಚೆನ್ನಾಗಿ ಬರತ್ತಲ್ಲ.”

ಮಗ ಕಾರಿನ ಬಾಗಿಲನ್ನು ಅಗತ್ಯಕ್ಕಿಂತ ಜೋರಾಗಿ ಹಾಕಿಕೊಂಡು ಹೋದ.

ಟೈರಿನವನು ಗಾಳಿ ತುಂಬಿಸಿ ಕೈ ಒರೆಸಿಕೊಂಡ. “ಒಂದು ರೌಂಡ್ ಹೊಡ್ಕೊಂಡು ಬನ್ನಿ, ಗೊತ್ತಾಗತ್ತೆ.”

“ಮನೇಲೇ ನೋಡ್ತೀವಿ,” ಎಂದು ಗುಮಾಸ್ತರು ಸತ್ತ ಟೈರನ್ನು ಹೆಗಲಿಗೇರಿಸಿದರು. ಹೊಸ ಟೈರಿನ ಗಾಡಿಯನ್ನು ಬಂದ ಹಾಗೆಯೇ ತಳ್ಳಿಕೊಂಡು ಹೊರಟರು. ಟೈರಿನವನು ಬಾಯಿ ತೆರೆದು ನೋಡುತ್ತ ನಿಂತ.

ಹೆಂಡತಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಗುಮಾಸ್ತರು ಹಳೆಯ ಟೈರನ್ನು ಅವಳ ಕಾಲ ಬಳಿ ಕೆಡವಿದರು. “ಅಪರಾಧಿ ಇವನು. ವಯಸ್ಸಾಗಿದ್ದು ಇವನಿಗೆ. ಮುಟ್ಟಿ ನೋಡು.”

ಅವಳು ಬಗ್ಗಿ ಬೆರಳಿನ ಗೆಣ್ಣಿನಿಂದ ಕುಟ್ಟಿದಳು. ಬಾಗಿಲು ಬಡಿದಂಥ ಸದ್ದಾಯಿತು. ತಲೆಯೆತ್ತಿ ಗಾಡಿಯನ್ನು ನೋಡಿದಳು. ಎಷ್ಟೋ ಹೊತ್ತು ನೋಡಿದಳು. ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಒಳಗೆ ಹೋದವಳು ಕೀಲಿಕೈ ಹಿಡಿದು ಬಂದಳು.

ಒಂದೇ ಒದೆತಕ್ಕೆ ಗಾಡಿ ಸ್ಟಾರ್ಟ್ ಮಾಡಿ ಹ್ಯಾಂಡಲ್ ಹಿಡಿದು ಕೂತಳು. ಈ ಜನ್ಮದಲ್ಲಿ ಗಾಡಿ ಓಡಿಸಲು ಕಲಿಯದ ಗುಮಾಸ್ತರು, ಮದುವೆಯಾದಂದಿನಿಂದ ತಮ್ಮದಾಗಿದ್ದ ಜಾಗದಲ್ಲಿ, ಅವಳ ಬೆನ್ನ ಹಿಂದೆ, ಹತ್ತಿ ಕೂತರು.